ಎವಾಂಥಿಯಾಳ ಹೊಸ ರಿಮೋಟ್

ಕಳೆದುಹೋದದ್ದು ಒಂದು ರಿಮೋಟ್, ಅಷ್ಟೇ. ಆದರೆ ಆ ವಾರ ಎವಾಂಥಿಯಾಳ ಮನೆಗೆ ಕಾಲಿಟ್ಟ ಯಾರೇ ಆಗಲಿ ಒಡವೆಯ ಗಂಟೇ ಕಳೆದಿರಬೇಕು ಎಂದುಕೊಳ್ಳುತ್ತಿದ್ದರು. ಸೋಫಾ ಗೋಡೆ ಬಿಟ್ಟು ಹಾಲ್‌ನ ನಡುವೆ ಬಂದು ನಿಂತಿತ್ತು. ದಿಂಬುಗಳು ನೆಲದ ಮೇಲೆ, ಹೊಲಿಗೆ ಯಂತ್ರದ ಡ್ರಾಯರುಗಳು ಮಂಚದ ಮೇಲೆ. ಫ್ರಿಜ್ಜಿನಲ್ಲೂ ಹುಡುಕಿದ್ದಳು, ಯಾಕೆಂದರೆ ಹಿಂದೊಮ್ಮೆ ಕನ್ನಡಕ ಅಲ್ಲೇ ಸಿಕ್ಕಿತ್ತು.

ಗಂಡ ಅರ್ಗಿರಿಸ್ ದ್ವೀಪಗಳಿಗೆ ಹೋಗುವ ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕಿದ್ದ. ಪ್ರವಾಸಿಗರ ಕಾಲ ಮುಗಿಯುವವರೆಗೆ ವೋಲೋಸ್ ಬಂದರಿಗೆ ಬರುವುದು, ಬಟ್ಟೆ ಬದಲಾಯಿಸುವುದು, ಮತ್ತೆ ಹಡಗು ಹತ್ತುವುದು, ಇಷ್ಟೇ ಅವನ ಸಂಸಾರ. ಹೆಂಡತಿಯ ಗೋಳನ್ನು ಫೋನಿನಲ್ಲಿ ಕೇಳಿಸಿಕೊಂಡು ಎಂಜಿನ್ನಿನ ಸದ್ದಿನ ನಡುವೆ ಕೂಗಿದ: "ರಿಮೋಟ್ ತಾನೆ? ಹೋದ್ರೆ ಹೋಗ್ಲಿ ಬಿಡೇ! ನಿಮ್ಮಮ್ಮಂಗೇ ಏನೋ ಆಯ್ತು ಅಂತ ಎದೆ ಒಡೆದೋಗಿತ್ತು ನಂಗೆ!"

ಅವನಿಗೇನು ಗೊತ್ತು? ಆ ರಿಮೋಟಿನಿಂದ ನಡೆಯುತ್ತಿದ್ದದ್ದು ಬರೀ ಟಿವಿಯಲ್ಲ, ಎವಾಂಥಿಯಾಳ ಸಂಜೆ. ಇಂಟರ್ನೆಟ್ಟಿನಿಂದ ಧಾರಾವಾಹಿಗಳನ್ನು ಎಳೆದುಕೊಡುವ ಆ ಕಪ್ಪು ಪೆಟ್ಟಿಗೆ ಮನೆಗೆ ಬಂದಾಗಿನಿಂದ, ಮಧ್ಯಾಹ್ನದ ನಿದ್ದೆ ಮುಗಿಸಿ ಮೂವರು ಹೆಂಗಸರು ಅವಳ ಹಾಲ್‌ಗೆ ಬಂದು ಕೂರುತ್ತಿದ್ದರು. ಪಕ್ಕದ ಮನೆಯ ಪೊಲಿಕ್ಸೇನಿ, ಕೆಳಗಿನ ಮಹಡಿಯ ಸುಲ್ತಾನಾ, ಬೇಕರಿಯ ಮೇಲಿನ ಮನೆಯ ಸ್ತಮಾತಿಯಾ. ಎವಾಂಥಿಯಾ ಕಾಫಿ ಕಾಯಿಸುತ್ತಿದ್ದಳು, ಒಬ್ಬೊಬ್ಬರಿಗೆ ಒಂದೊಂದು ಹದದ ಸಕ್ಕರೆ. ಆಮೇಲೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕುಳಿತು, ರಿಮೋಟನ್ನು ಮಡಿಲಲ್ಲಿಟ್ಟುಕೊಂಡು, "ಶುರು ಮಾಡ್ಲಾ?" ಎನ್ನುತ್ತಿದ್ದಳು. ಅವಳು ಗುಂಡಿ ಒತ್ತುವವರೆಗೆ ಅವರು ನೋಡುತ್ತಿದ್ದ ಧಾರಾವಾಹಿಯ ನಾಯಕಿ ಮಿರ್ಸಿನಿ ಬಾಯಿ ತೆರೆಯುವಂತಿರಲಿಲ್ಲ.

ಇನ್ನೊಂದು ಮಾತು. ಎವಾಂಥಿಯಾ ಅರ್ಧ ಊರಿನ ಮದುವಣಗಿತ್ತಿಯರಿಗೆ ಬಟ್ಟೆ ಹೊಲಿದವಳು. ಮಂಡಿ ನೋವು ಬಂದು ಪೆಡಲ್ ತುಳಿಯುವುದನ್ನು ಬಿಟ್ಟಿದ್ದಳೇ ಹೊರತು, ಕಣ್ಣು ಕೆಲಸ ಬಿಟ್ಟಿರಲಿಲ್ಲ. ಧಾರಾವಾಹಿಯ ಕಥೆ ನಡೆಯುವುದು ಅಜ್ಜಿಯರ ಕಾಲದಲ್ಲಿ. ಹಾಗಾಗಿ ಮಿರ್ಸಿನಿ ಹೊಸ ಉಡುಪಿನಲ್ಲಿ ಬಾಗಿಲು ದಾಟಿದಳೋ ಇಲ್ಲವೋ, ಇವಳು ಗುಂಡಿ ಒತ್ತಿ ನಿಲ್ಲಿಸಿ, ಎದ್ದು ಹೋಗಿ, ಪರದೆಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದಳು. "ನೋಡ್ರೇ, ಈ ತೋಳು ನೋಡಿ. ಆ ಕಾಲದಲ್ಲಿ ಈ ಥರ ನೆರಿಗೆ ಎಲ್ಲಿತ್ತು? ಮಿಷನ್ ಹೊಲಿಗೆ ಇದು, ಯಾರಿಗೆ ಟೋಪಿ ಹಾಕ್ತಾರೆ ಇವ್ರು!" ಹಿಂದಕ್ಕೆ ಓಡಿಸಿ ಇನ್ನೊಮ್ಮೆ ತೋರಿಸುತ್ತಿದ್ದಳು. ಮುಕ್ಕಾಲು ಗಂಟೆಯ ಕಂತು ಮುಗಿಯುವಷ್ಟರಲ್ಲಿ ಬೀದಿ ದೀಪ ಹತ್ತಿರುತ್ತಿತ್ತು. ಇಷ್ಟು ತಿಳಿವಳಿಕೆಯೊಂದಿಗೆ ಧಾರಾವಾಹಿ ನೋಡುವ ಹೆಂಗಸರು ಈ ಊರಲ್ಲಿ ಬೇರೆ ಯಾರೂ ಇಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆ.

ಅಂಥ ರಿಮೋಟ್ ಒಂದು ಸೋಮವಾರ ಮಾಯವಾಯಿತು. ಭಾನುವಾರ ಎಲ್ಲರೂ ಎದ್ದು ಹೋದ ಮೇಲೆ ಟಿವಿ ಆರಿಸಿದ ನೆನಪಿತ್ತು. ಸೋಮವಾರ ಬೆಳಿಗ್ಗೆ ಪೊಲಿಕ್ಸೇನಿ ನಿಂಬೆಹಣ್ಣು ಕೇಳಲು ಬಂದು, ನಿಂತಂತೆಯೇ ಎರಡು ಮಾತಾಡಿ ಹೋಗಿದ್ದಳು. ಸಂಜೆ ನೋಡಿದರೆ ರಿಮೋಟ್ ಇಲ್ಲ. ರಿಮೋಟ್ ಇಲ್ಲದೆ ಆ ಪೆಟ್ಟಿಗೆ ಏನೂ ಮಾಡದು. ಚಿತ್ರಗಳ ಸಾಲೊಂದನ್ನು ತೋರಿಸುತ್ತಾ ಸುಮ್ಮನೆ ಕೂರುತ್ತದೆ.

ಹುಡುಕುವುದರಲ್ಲಿ ಪೊಲಿಕ್ಸೇನಿಯೇ ಮುಂದೆ. ಸೋಫಾ ಕೆಳಗೆ ಹೊಟ್ಟೆ ಮೇಲೆ ತೆವಳಿದಳು, ಧೂಳಿಗೆ ಸೀನಿದಳು, ಜಮಖಾನೆ ಮಗುಚಿದಳು. ಆಡಿಕೊಳ್ಳುವ ಹಾಗಿರಲಿಲ್ಲ ಅವಳ ಶ್ರದ್ಧೆ. ಅದರಲ್ಲಿ ಆಶ್ಚರ್ಯವೂ ಇರಲಿಲ್ಲ ಎವಾಂಥಿಯಾಳಿಗೆ. ತನ್ನ ಮದುವೆಯಲ್ಲಿ ಗಂಡು ಹೆಣ್ಣಿನ ತಲೆಯ ಮೇಲೆ ಹೂವಿನ ಕಿರೀಟ ಇಟ್ಟು, ಅದಲು ಬದಲು ಮಾಡಿದವಳು ಇದೇ ಪೊಲಿಕ್ಸೇನಿ. ಹಾಗೆ ಕಿರೀಟ ಬದಲಾಯಿಸಿದವರು ಒಡಹುಟ್ಟಿದವರಿಗಿಂತ ಹತ್ತಿರ. ಒಡಹುಟ್ಟಿದವರ ಜೊತೆ ಆಸ್ತಿಗೆ ಜಗಳ ಆಡಬಹುದು, ಇವರ ಜೊತೆ ಅದೂ ಇಲ್ಲ.

"ಸಂತರಿಗೆ ಕೇಕ್ ಮಾಡಿ ಕೊಡೇ," ಎಂದಳು ಸುಲ್ತಾನಾ. "ಫನೂರಿಯೊಸ್ ಕೈ ಬಿಡಲ್ಲ. ನಮ್ಮತ್ತೆಗೆ ಕಳೆದೋಗಿದ್ದ ಹಲ್ಲಿನ ಸೆಟ್ ತೋರಿಸಿಕೊಟ್ಟೋನು ಅವನು."

ಕಳೆದದ್ದನ್ನು ತೋರಿಸುವುದೇ ಆ ಸಂತನ ಕೆಲಸ, ಕೇಕು ಅವನ ಕೂಲಿ. ಮೊಟ್ಟೆ, ಬೆಣ್ಣೆ ಸೋಕಬಾರದು. ಎಣ್ಣೆ, ಕಿತ್ತಳೆ ರಸ, ದಾಲ್ಚಿನ್ನಿ, ಅಕ್ರೋಟು, ದ್ರಾಕ್ಷಿ, ಹೀಗೆ ಬೆಸ ಸಂಖ್ಯೆಯ ಸಾಮಾನು ಸೇರಬೇಕು. ಪಾದ್ರಿ ಮಂತ್ರ ಹೇಳಿದ ಮೇಲೆ ಅದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ನೆರೆಹೊರೆಗೆ ಹಂಚಬೇಕು. ತಿಂದವರು ಸಂತನ ತಾಯಿಯನ್ನು ದೇವರು ಕ್ಷಮಿಸಲಿ ಅನ್ನಬೇಕು, ಏಕೆಂದರೆ ಆ ತಾಯಿ ಭಾರಿ ಪಾಪಿಷ್ಠೆಯಂತೆ. ಎವಾಂಥಿಯಾ ಎಲ್ಲವನ್ನೂ ಕ್ರಮವಾಗಿ ಮಾಡಿದಳು. ದೊಡ್ಡ ದೊಡ್ಡ ತುಂಡುಗಳನ್ನು ಮೂವರು ಗೆಳತಿಯರಿಗೇ ಎತ್ತಿಟ್ಟಳು.

"ದೇವರು ಆ ತಾಯೀನ ಕ್ಷಮಿಸ್ಲಿ," ಎಂದಳು ಪೊಲಿಕ್ಸೇನಿ ಬಾಯಿ ತುಂಬಿಕೊಂಡು. ಶಿಲುಬೆಯ ಗುರುತು ಮಾಡಿ ಇನ್ನೊಂದು ತುಂಡಿಗೆ ಕೈ ಚಾಚಿದಳು. "ಚೆನ್ನಾಗಿ ಬಂದಿದೆ ಕಣೇ. ಅಕ್ರೋಟು ಧಾರಾಳ ಹಾಕಿದ್ದೀಯ."

ಸಂತ ಮಾತ್ರ ತುಟಿ ಪಿಟಕ್ ಅನ್ನಲಿಲ್ಲ.

ಅಷ್ಟರಲ್ಲಿ ಪೊಲಿಕ್ಸೇನಿಯ ಮನೆಗೂ ಒಂದು ಪೆಟ್ಟಿಗೆ ಬಂತು. ಸೋದರಳಿಯ ಉಡುಗೊರೆ ಕೊಟ್ಟನಂತೆ. "ನಿಂದು ಸಿಗೋವರ್ಗೂ ನಮ್ಮನೇಲೇ ನೋಡೋಣ ಬಾರೇ," ಎಂದು ಕರೆದಳು. ಎವಾಂಥಿಯಾ ಹೋದಳು. ಅಲ್ಲಿ ಅವಳಿಗೆ ಸಿಕ್ಕಿದ್ದು ಬಾಗಿಲ ಬಳಿಯ ಊಟದ ಕುರ್ಚಿ. ಮಿರ್ಸಿನಿ ಚರ್ಚಿಗೆ ಹೊಸ ಲಂಗ ಉಟ್ಟು ಬಂದಾಗ, "ನಿಲ್ಸು, ನಿಲ್ಸು!" ಎಂದು ಕೂಗಿದಳು. ಪೊಲಿಕ್ಸೇನಿ ಮೈಮೇಲೆಲ್ಲ ತಡಕಾಡಿ, "ಅಯ್ಯೋ, ರಿಮೋಟ್ ಕೈಗೇ ಸಿಗ್ತಿಲ್ಲ ಕಣೇ," ಎಂದಳು. ಲಂಗ ಹೋಗಿಯೇಬಿಟ್ಟಿತು. ಕಂತು ಮುಗಿದಾಗ ಹೊರಗೆ ಇನ್ನೂ ಬೆಳಕಿತ್ತು, ಎಲ್ಲರೂ ಬಾಲ್ಕನಿಗೆ ಹೋಗಿ ನಗುನಗುತ್ತಾ ಕಲ್ಲಂಗಡಿ ತಿಂದರು. ಎವಾಂಥಿಯಾ ತನ್ನ ತುಂಡನ್ನು ತಟ್ಟೆಯಲ್ಲೇ ಬಿಟ್ಟಳು.

ಮರುದಿನ ತಲೆನೋವು ಎಂದಳು, ಅದರ ಮರುದಿನವೂ ಅದೇ ನೆಪ. ಮೂರನೇ ದಿನ ಯಾರೂ ಕರೆಯಲೇ ಇಲ್ಲ. ಗೋಡೆಯಾಚೆಯಿಂದ ಧಾರಾವಾಹಿಯ ಹಾಡು ಕೇಳಿಬಂದಾಗ ಎವಾಂಥಿಯಾಳಿಗೆ ಹೆದರಿಕೆಯಾಯಿತು. ಜನ ಒಂದು ಮನೆಯ ಕಾಫಿಗೆ ಒಗ್ಗಿಹೋದರೆ ಮುಗಿಯಿತು, ಮತ್ತೆ ಎದ್ದು ಬರುವುದಿಲ್ಲ. ಹಡಗಿನ ಗಂಡ, ಮಂಡಿಯ ನೋವು, ಮುಚ್ಚಿದ ಹೊಲಿಗೆ ಯಂತ್ರ. ಆ ಸಂಜೆಗಳನ್ನು ಬಿಟ್ಟರೆ ಅವಳಿಗೆ ಬೇರೇನಿತ್ತು? ಸಂತನನ್ನು ನಂಬಿ ಕೂತರೆ ಕೆಲಸ ಕೆಡುತ್ತದೆ ಎಂದು, ಮರುದಿನ ಮಧ್ಯಾಹ್ನ ಟಿವಿ ಪೆಟ್ಟಿಗೆಯ ತಂತಿ ಕಿತ್ತು, ಅದರ ಮೇಲೆ ಹೊದಿಸಿದ್ದ ಕ್ರೋಶಾ ಬಟ್ಟೆಯಲ್ಲೇ ಸುತ್ತಿ, ಚೀಲಕ್ಕೆ ಹಾಕಿಕೊಂಡು ಹೊರಟಳು.

ಬಂದರಿನ ಹಿಂದಿನ ಗಲ್ಲಿಯಲ್ಲಿ ಸರಾಂದಿಸ್‌ನ ಅಂಗಡಿ. ಫೋನು, ಚಾರ್ಜರು, ಮೀನು ಹಿಡಿಯುವವರ ಟಾರ್ಚು, ಎಲ್ಲವನ್ನೂ ಮಾರುತ್ತಾನೆ. ಮಾತಿನಲ್ಲಿ ಗಿರಾಕಿಯನ್ನು ಸುತ್ತಿಸಿಯೇ ಬಿಡುವ ಆಸಾಮಿ.

"ಹಳೇ ರಿಮೋಟ್ ತಂದಿದ್ದೀರಾ, ಎವಾಂಥಿಯಮ್ಮ? ನೋಡಿದ್ರೆ ಅದೇ ಥರದ್ದು ಕೊಟ್ಬಿಡ್ತೀನಿ."

"ಹಳೇದು ಇದ್ದಿದ್ರೆ ನಿನ್ನ ಮುಖ ನೋಡೋಕೆ ಯಾಕೋ ಬರ್ತಿದ್ದೆ?"

"ಅದೂ ಸರೀನೆ," ಎಂದು ನಕ್ಕು ಅವನು ಗಾಜಿನ ಮೇಜಿನ ಮೇಲೆ ಮೂರು ರಿಮೋಟುಗಳನ್ನು ಸಾಲಾಗಿ ಇಟ್ಟ.

ಮೊದಲನೆಯದು ಅಗ್ಗದ್ದು, ಉದ್ದನೆಯದು, ಮೈತುಂಬಾ ಗುಂಡಿ. ಎಲ್ಲ ಟಿವಿಗೂ ಆಗುತ್ತದಂತೆ. ಎವಾಂಥಿಯಾ ಅದನ್ನು ಬಟ್ಟೆಯ ತುಂಡಿನಂತೆ ತಿರುವಿ ನೋಡಿದಳು. "ಇದೇನು ರಿಮೋಟೋ, ಟೈಪ್‌ರೈಟರೋ? ಕತ್ತಲಲ್ಲಿ ಬೆರಳಿಗೆ ಏನು ಗೊತ್ತಾಗುತ್ತೆ?"

"ಅಲ್ಲದೆ ಇದನ್ನ ಪೆಟ್ಟಿಗೆ ಕಡೆಗೇ ಹಿಡೀಬೇಕು. ನಿಮ್ಮ ಪೆಟ್ಟಿಗೆ ನೋಡಿದ್ರೆ ಬುರ್ಖಾ ಹಾಕ್ಕೊಂಡಿದೆ," ಎಂದ ಸರಾಂದಿಸ್ ಕ್ರೋಶಾ ಬಟ್ಟೆ ಎತ್ತಿ ತೋರಿಸುತ್ತಾ. "ಇದು ಬೇಡ. ಇಗೋ ಇದನ್ನ ನೋಡಿ, ಹೊಸಾ ಮಾಲು. ಗುಂಡಿನೇ ಇಲ್ಲ ಅನ್ನಿ. ಬಾಯಲ್ಲಿ ಹೇಳಿದ್ರೆ ಸಾಕು, ನಿಲ್ಲು ಅಂದ್ರೆ ನಿಲ್ಲುತ್ತೆ."

ಎರಡನೆಯದು ಸಾಬೂನಿನಂತೆ ನುಣುಪಾಗಿತ್ತು. ಎವಾಂಥಿಯಾ ಅದನ್ನು ತುಟಿಯ ಹತ್ತಿರ ಹಿಡಿದು, "ನಿಲ್ಲು!" ಎಂದಳು. ಅಂಗಡಿಯ ಟಿವಿಯಲ್ಲಿ ಅಡುಗೆಯವನು ಈರುಳ್ಳಿ ಹೆಚ್ಚುತ್ತಲೇ ಇದ್ದ. "ನಿಲ್ಲೋ ಅಂದೆ!" ಅವನು ಟೊಮೆಟೊಗೆ ಕೈಹಾಕಿದ.

"ಮೆತ್ತಗೆ ಹೇಳಿ ಅಮ್ಮ, ಬೈದ್ರೆ ಅದಕ್ಕೂ ಬೇಜಾರಾಗುತ್ತೆ."

"ನನ್ನ ಗಂಡನೂ ಹೀಗೇ. ಒಂದು ಸಾಕು ಮನೇಲಿ. ಆ ಮೂರನೇದು ಕೊಡು."

ಮೂರನೆಯದು ದುಬಾರಿ, ಆದರೆ ಕಳೆದುಹೋದದ್ದರ ತದ್ರೂಪ. ನಡುವೆ ಉಬ್ಬಿದ ಗುಂಡಿ, ಹೆಬ್ಬೆರಳು ತಾನಾಗಿ ಅಲ್ಲಿಗೇ ಹೋಗುತ್ತದೆ. ಒತ್ತಿದಳು. ಹಳೆಯ ಅದೇ ಮೆತ್ತನೆಯ ಟಿಕ್ ಸದ್ದು. ಆ ಸದ್ದಿನಲ್ಲೇ ಅವಳ ಕಣ್ಣ ಮುಂದೆ ಮನೆಯ ಹಾಲ್ ತುಂಬಿತು, ಕಾಫಿ ಉಕ್ಕಿತು, ಮೂವರೂ ಬಂದು ತಮ್ಮ ತಮ್ಮ ಜಾಗದಲ್ಲಿ ಕೂತರು. "ಇದೇ ಆಗ್ಬೇಕು," ಎಂದಳು, ಬೆಲೆಯನ್ನೂ ಕೇಳದೆ.

ಸರಾಂದಿಸ್ ಅವಳ ಪೆಟ್ಟಿಗೆಯನ್ನು ಅಂಗಡಿಯ ಟಿವಿಗೆ ಜೋಡಿಸಿ ಹೊಸ ರಿಮೋಟನ್ನು ಪರಿಚಯ ಮಾಡಿಸಿದ. ಪರದೆಯ ಮೇಲೆ ಎರಡು ರಿಮೋಟುಗಳ ಹೆಸರು ಕಾಣಿಸಿತು. "ನೋಡಿದ್ರಾ, ಹಳೇದು ಇನ್ನೂ ನೆಂಟಸ್ತಿಕೆ ಬಿಟ್ಟಿಲ್ಲ. ಅಂದ್ಹಾಗೆ ಇದರ ಬೆನ್ನಲ್ಲಿ ಒಂದು ಗುಂಡಿ ಇದೆ, ಒತ್ತಿ ನೋಡಿದ್ರಾ?"

"ಯಾವ ಗುಂಡಿ?"

ಅವನು ಪೆಟ್ಟಿಗೆಯ ಹಿಂಬದಿಯನ್ನು ಒತ್ತಿದ. ಮೇಜಿನ ಮೇಲಿದ್ದ ಹೊಸ ರಿಮೋಟ್ ಟಿಣಿಟಿಣಿ ಎಂದು ಹಾಡತೊಡಗಿತು. "ಕಳೆದ್ರೆ ಹುಡುಕೋಕೇ ಅಂತ ಇಟ್ಟಿರೋದು. ಹಳೇದು ಮನೇಲೇ ಎಲ್ಲಾದ್ರೂ ಬಿದ್ದಿದ್ರೆ ಅದೂ ಹಾಡುತ್ತೆ. ಯಾವ್ದಾದ್ರೂ ಗುಂಡಿ ಮುಟ್ಟಿದ್ರೆ ಬಾಯಿ ಮುಚ್ಚುತ್ತೆ."

"ಅಯ್ಯೋ ಪಾಪಿ! ಇದನ್ನ ಮೊದಲೇ ಹೇಳಬಾರದಿತ್ತಾ? ಹಳೇದು ಸಿಕ್ಕಿದ್ರೆ ಇದನ್ನ ವಾಪಸ್ ತಗೋತೀಯಾ?"

"ಪ್ಯಾಕೆಟ್ ಒಡೆದಾಯ್ತಲ್ಲಮ್ಮ," ಎಂದ ಸರಾಂದಿಸ್, ಯಾವ ನಾಚಿಕೆಯೂ ಇಲ್ಲದೆ.

ಬಿಸಿಲಿನಲ್ಲೇ ಅವಸರವಸರವಾಗಿ ಮನೆ ಸೇರಿದಳು. ಮೆಟ್ಟಿಲು ಹತ್ತುವಾಗ ಮಂಡಿಯ ನೋವೂ ನೆನಪಾಗಲಿಲ್ಲ. ಪಕ್ಕದ ಮನೆಯಲ್ಲಿ ಆಗಲೇ ಧಾರಾವಾಹಿ ಶುರುವಾಗಿತ್ತು. ಚಪ್ಪಲಿಯನ್ನೂ ಬಿಡದೆ ಪೆಟ್ಟಿಗೆಗೆ ತಂತಿ ಸಿಕ್ಕಿಸಿ, ಬೆನ್ನಿನ ಗುಂಡಿ ಒತ್ತಿದಳು. ಚೀಲದೊಳಗಿನ ಹೊಸ ರಿಮೋಟ್ ಹಾಡಿತು. ತೆಗೆದು ಗುಂಡಿ ಮುಟ್ಟಿದಳು, ಅದು ಸುಮ್ಮನಾಯಿತು.

ಹಾಡು ಮಾತ್ರ ನಿಲ್ಲಲಿಲ್ಲ. ಸಣ್ಣಗೆ, ದೂರದಿಂದ, ಟಿಣಿಟಿಣಿ.

ಎವಾಂಥಿಯಾ ಉಸಿರು ಬಿಗಿಹಿಡಿದಳು. ಸೋಫಾಗೆ ಕಿವಿಯಿಟ್ಟಳು, ಅಲ್ಲಿಲ್ಲ. ಅಡುಗೆಮನೆಯಲ್ಲೂ ಇಲ್ಲ. ಮಲಗುವ ಕೋಣೆಗೆ ಬಂದಾಗ ಸದ್ದು ದೊಡ್ಡದಾಯಿತು. ಮಂಚದ ಮೇಲಿನ ಗೋಡೆಯಲ್ಲಿ, ಗಾಜಿನ ಪೆಟ್ಟಿಗೆಯಲ್ಲಿ ಅವಳ ಮದುವೆಯ ಕಿರೀಟಗಳು ತೂಗುತ್ತಿದ್ದವು. ಸದ್ದು ಬರುತ್ತಿದ್ದದ್ದು ಅವುಗಳ ಹಿಂದಿನಿಂದ, ಅಂದರೆ ಗೋಡೆಯ ಆಚೆಯಿಂದ.

ಮೊದಲು ಅವಳಿಗಾದದ್ದು ಸಂತೋಷ. ಸಂತನ ಮೇಲೆ ಅನುಮಾನ ಪಟ್ಟದ್ದಕ್ಕೆ ನಾಲಿಗೆ ಕಚ್ಚಿಕೊಂಡಳು. ಸಿಕ್ಕಿತಲ್ಲ! ಆ ಮರೆಗುಳಿ ಪೊಲಿಕ್ಸೇನಿ ನಿಂಬೆಹಣ್ಣಿನ ಜೊತೆ ಏಪ್ರನ್ ಜೇಬಿಗೆ ಹಾಕಿಕೊಂಡು ಹೋಗಿರಬೇಕು, ಅವಳಿಗೇ ಗೊತ್ತಿಲ್ಲ ಪಾಪ. ಹೇಳಿ ನಗಿಸಬೇಕು, ಎಲ್ಲರನ್ನೂ ಈಗಲೇ ಎಬ್ಬಿಸಿಕೊಂಡು ಬರಬೇಕು ಎಂದು ಎವಾಂಥಿಯಾ ನಗುತ್ತಲೇ ಓಡಿದಳು. ಪೊಲಿಕ್ಸೇನಿಯ ಬಾಗಿಲ ಗಂಟೆಗೆ ಬೆರಳು ಚಾಚಿದಳು.

ಒಳಗಿನಿಂದ ಸುಲ್ತಾನಾಳ ದನಿ ಕೇಳಿತು. "ಅಯ್ಯಯ್ಯೋ, ಇದು ಹಾಡ್ತಿದೆ! ಬ್ಯಾಟರಿ ತೆಗೆದಿಡು ಅಂತ ಬಡ್ಕೊಂಡಿದ್ನಲ್ಲೇ ಆವತ್ತೇ!"

"ಹಾಸಿಗೆ ಕೆಳಗೆ ತುರುಕ್ರೇ, ಹಾಸಿಗೆ ಕೆಳಗೆ!" ಇದು ಸ್ತಮಾತಿಯಾ.

"ಎಲ್ಲೀಂದ ಒತ್ತಿದ್ಲೋ ಅವ್ಳು," ಎಂದಳು ಪೊಲಿಕ್ಸೇನಿ.

ಬೆರಳು ಗಂಟೆಯ ಮೇಲೆಯೇ ಉಳಿಯಿತು. ಇದೇನು ಸದ್ದು ಎಂದು ಒಬ್ಬಳೂ ಕೇಳಲಿಲ್ಲ. ಮೂವರಿಗೂ ಗೊತ್ತಿತ್ತು. ಬಾಯ್ತುಂಬ ಕೇಕು ತುಂಬಿಕೊಂಡು ಸಂತನ ತಾಯಿಗೆ ಕ್ಷಮೆ ಬೇಡಿದ ಮೂರು ಬಾಯಿಗಳೂ ಆಗಲೇ ಎಲ್ಲವನ್ನೂ ಬಲ್ಲವುಗಳಾಗಿದ್ದವು. ಎವಾಂಥಿಯಾ ಬೆರಳನ್ನು ಒತ್ತಿದಳು, ಬಾಗಿಲು ತೆರೆಯುವವರೆಗೂ ಎತ್ತಲಿಲ್ಲ.

ಪೊಲಿಕ್ಸೇನಿಯ ಮುಖ ಕೆಂಪಾಗಿತ್ತು. ಕೈಯಲ್ಲಿ ರಿಮೋಟ್, ಇನ್ನೂ ಹಾಡುತ್ತಿದೆ. ಅದನ್ನು ಮುಚ್ಚಿಡಲು ಅವಳು ಪ್ರಯತ್ನಿಸಲೂ ಇಲ್ಲ.

"ಮೊನ್ನೆ ನಮ್ಮ ಸೋಫಾ ಕೆಳಗೆ ತೆವಳಿದ್ಯಲ್ಲೇ," ಎಂದಳು ಎವಾಂಥಿಯಾ. "ಧೂಳಿಗೆ ಸೀನಿದ್ಯಲ್ಲ. ಆವಾಗ ಇದು ಎಲ್ಲಿತ್ತು?"

"ಎವಾಂಥಿಯಾ, ಒಳಗೆ ಬಾ. ಕೂತ್ಕೊಂಡು ಮಾತಾಡೋಣ ಬಾ."

"ಎಲ್ಲಿತ್ತು ಅಂತ ಕೇಳ್ದೆ."

"ಏಪ್ರನ್ ಜೇಬಲ್ಲಿ," ಎಂದಳು ಪೊಲಿಕ್ಸೇನಿ, ನೆಲ ನೋಡುತ್ತಾ. ಯಾವುದೋ ಗುಂಡಿ ಮುಟ್ಟಿದಳು, ಹಾಡು ನಿಂತಿತು. "ನಿನ್ ಮನಸ್ಸು ನೋಯಿಸೋದು ಬೇಡ ಅಂತ ಹೀಗ್ ಮಾಡಿದ್ವಿ ಕಣೇ. ಬಾಯ್ಬಿಟ್ಟು ಹೇಳೋಕೆ ಧೈರ್ಯ ಬರ್ಲಿಲ್ಲ."

"ಏನು ಹೇಳೋಕೆ?"

ಹಿಂದಿನಿಂದ ಸುಲ್ತಾನಾಳೇ ಎದ್ದು ಬಂದಳು. ಮಾತನ್ನು ಅರ್ಧಕ್ಕೆ ನುಂಗಿ ಗೊತ್ತಿಲ್ಲದವಳು ಅವಳು. "ಏನು ಹೇಳೋಕೆ ಅಂದ್ರೆ? ಚಳಿಗಾಲದಿಂದ ಒಂದು ಕಂತನ್ನೂ ನೆಟ್ಟಗೆ ನೋಡಿಲ್ಲ ನಾವು! ಮಿರ್ಸಿನಿ ತಾಯಿ ಸಾಯ್ತಾ ಇದ್ದಾಳೆ, ನಾನಿಲ್ಲಿ ಅಳ್ತಾ ಕೂತಿದ್ದೀನಿ, ನೀನು ಟಕ್ ಅಂತ ನಿಲ್ಸಿ ಹೆಣದ ಕೊರಳ ಪಟ್ಟಿ ತೋರಿಸ್ತೀಯ! ಬರದೇ ಇದ್ರೆ ನೀನು ನೊಂದ್ಕೋತೀಯ, ಬಂದ್ರೆ ನಾವು ಸಾಯ್ಬೇಕು. ಏನ್ ಮಾಡೋಣ ಹೇಳು?"

"ನೀವೇ ತಾನೆ ಕೇಳ್ತಿದ್ದದ್ದು? ಆ ತೋಳು ಹೇಗ್ ಹೊಲಿದಿದ್ದಾರೆ, ಈ ಅಂಚು ಯಾವ್ದು ಅಂತ?"

ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸ್ತಮಾತಿಯಾ ಸೋಫಾದಿಂದಲೇ ಮೆಲ್ಲಗೆ, "ನಾನು ಒಂದ್ಸಲ ಕೇಳಿದ್ದೆ," ಎಂದಳು. "ಮೊದಲನೇ ದಿನ."

ಎವಾಂಥಿಯಾಳಿಗೆ ಬೈಯಲು ಮಾತುಗಳು ಬೇಕಾದಷ್ಟಿದ್ದವು. ಹೊಲಿಗೆಯವರ ನಾಲಿಗೆ ಕತ್ತರಿಗೇನೂ ಕಡಿಮೆಯಲ್ಲ. ಆದರೆ ಅವಳಿಗೆ ಕಾಣುತ್ತಿದ್ದದ್ದೇ ಬೇರೆ. ತಾನು ಪರದೆಗೆ ಬೆರಳಿಟ್ಟು ಬೆನ್ನು ತಿರುಗಿಸಿ ನಿಂತಾಗ, ಹಿಂದೆ ಈ ಮೂವರೂ ಹೀಗೆಯೇ ಮುಖ ಮುಖ ನೋಡಿಕೊಂಡಿರಬೇಕು. ಎಷ್ಟು ಸಂಜೆ? ತಾನು ಕಾಫಿ ತರಲು ಒಳಗೆ ಹೋದಾಗ ಏನೇನು ಪಿಸುಗುಟ್ಟಿರಬೇಕು? ಈ ಬಾಗಿಲೊಳಗೆ ಕೂತು, ಯಾರು ಕದಿಯುವುದು, ಯಾವತ್ತು, ನಿಂಬೆಹಣ್ಣಿನ ನೆಪವೋ ಬೇರೆಯದೋ ಎಂದೆಲ್ಲ ಮಾತಾಡಿರಬೇಕು, ನಕ್ಕಿರಲೂಬಹುದು. ಕದ್ದದ್ದನ್ನು ಹೇಗಾದರೂ ನುಂಗಿಕೊಳ್ಳಬಹುದಿತ್ತು. ಇದನ್ನು ನುಂಗುವುದು ಹೇಗೆ?

"ಹೇಳಿದ್ರೆ ನಿಲ್ಲಿಸ್ತಿದ್ದೆ ನಾನು," ಎಂದಳು. "ಒಂದು ಮಾತು ಹೇಳಿದ್ರೆ ಸಾಕಿತ್ತು ಕಣೇ. ನೀನಾದ್ರೂ ಹೇಳಬಹುದಿತ್ತು, ಪೊಲಿಕ್ಸೇನಿ."

"ತಪ್ಪಾಯ್ತು. ತಗೋ ಇದನ್ನ. ನಾಳೆಯಿಂದ ನಿಮ್ಮನೇಗೇ ಬರ್ತೀವಿ, ಹಿಂದಿನ್ ಥರಾನೇ. ಅಲ್ವೇನ್ರೇ?" ಪೊಲಿಕ್ಸೇನಿ ರಿಮೋಟನ್ನು ಅವಳ ಕೈಗೆ ತುರುಕಲು ನೋಡಿದಳು. ಒಳಗಿನ ಇಬ್ಬರೂ ಹೂಂ ಹೂಂ ಎಂದರು, ಪಾದ್ರಿ ಕೇಳಿದ್ದಕ್ಕೆ ಮಕ್ಕಳು ಹೂಂ ಎನ್ನುವಂತೆ.

"ಬೇಡ. ನಾನು ಹೊಸದು ತಗೊಂಡಿದ್ದೀನಿ," ಎಂದು ಎವಾಂಥಿಯಾ ತನ್ನ ಮನೆಗೆ ನಡೆದಳು.

ಒಳಗೆ ಬಂದು ಬಾಗಿಲು ಹಾಕಿ, ಸೋಫಾವನ್ನು ತಾನೊಬ್ಬಳೇ ತಳ್ಳಿ ಗೋಡೆಗೆ ಸೇರಿಸಿದಳು. ದಿಂಬುಗಳನ್ನು ಜೋಡಿಸಿದಳು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಲು ಮನಸ್ಸಾಗದೆ, ಮಲಗುವ ಕೋಣೆಗೆ ಹೋಗಿ ಮಂಚದ ಅಂಚಿನಲ್ಲಿ ಕುಳಿತಳು. ಅವರು ಓಡಿಬಂದು ಬಾಗಿಲು ಬಡಿಯುತ್ತಾರೆ, ಬಡಿದರೂ ತಾನು ತೆಗೆಯುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಳು. ಎರಡನೆಯ ಸಲ ಬಡಿದರೆ ಏನು ಮಾಡುವುದು ಎಂದೂ ಯೋಚಿಸಿದಳು.

ಯಾರೂ ಬರಲಿಲ್ಲ. ಗೋಡೆಯಾಚೆ ಸ್ವಲ್ಪ ಹೊತ್ತು ಗುಸುಗುಸು ನಡೆಯಿತು, ಆಮೇಲೆ ಧಾರಾವಾಹಿ ಮತ್ತೆ ಶುರುವಾಯಿತು. ಮಿರ್ಸಿನಿ ಯಾರನ್ನೋ ತರಾಟೆಗೆ ತೆಗೆದುಕೊಳ್ಳುತ್ತಿದ್ದಳು. ಅಷ್ಟರಲ್ಲಿ ಪಕ್ಕದ ಮನೆಯವಳಿಗೆ ಕೇಳಿಸಬಾರದು ಎಂದು ಯಾರಿಗೋ ಹೊಳೆದಿರಬೇಕು, ಧ್ವನಿಯನ್ನು ಇಳಿಸುತ್ತಾ ಇಳಿಸುತ್ತಾ ಪೂರ್ತಿ ಇಳಿಸಿಬಿಟ್ಟರು. ಟಿವಿಯ ಸದ್ದು ಅಡಗಿದ್ದರಿಂದ ಅವರ ಮಾತು ಗೋಡೆ ದಾಟಿ ಸ್ಪಷ್ಟವಾಗಿ ಕೇಳಿಸಿತು.

"ಪಾಪ," ಎಂದಳು ಪೊಲಿಕ್ಸೇನಿ. ಉಳಿದಿಬ್ಬರೂ ಒಬ್ಬರಾದ ಮೇಲೊಬ್ಬರು, "ಪಾಪ," ಎಂದರು.